ದೀಪ ಹಿಡಿದ ಕೈಯಲ್ಲೇ ಲೆಕ್ಕದ ಲೇಖನಿ

ಮೇ 12 ಬಂತೆಂದರೆ ನಮ್ಮೆಲ್ಲರ ವಾಟ್ಸ್ಯಾಪ್‌ಗೆ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಬರುತ್ತಾರೆ. ಅದು ದಾದಿಯರ ದಿನ, ಅವರ ಹುಟ್ಟುಹಬ್ಬ. ಶಾಲೆಯ ಪಾಠದಲ್ಲಿ ನಾವು ಓದಿದ್ದೂ ಆ ದೀಪವನ್ನೇ. ಗೆಳತಿಯರೇ, ನಾನು ಹೇಳಹೊರಟಿರುವುದು ಅವರ ಲೇಖನಿಯ ವಿಷಯ.

ಅವರು ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗಳ ಹೆಸರಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನ. ತಂದೆ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಪಾಠ ಹೇಳಿದರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು. ತಾಯಿಗೆ ಅದು ಹಿಡಿಸಲಿಲ್ಲ; ಮದುವೆಯಾಗಬೇಕಾದ ಹುಡುಗಿಗೆ ಗಣಿತ ಏಕೆ? ದಾದಿಯ ಕೆಲಸ ಎಂದಾಗಲಂತೂ ಮನೆಯಲ್ಲಿ ದೊಡ್ಡ ರಾದ್ಧಾಂತ. ಆ ಕಾಲದಲ್ಲಿ ಮರ್ಯಾದಸ್ಥ ಮನೆಯವರು ಮಾಡುವ ಕೆಲಸ ಅದಾಗಿರಲಿಲ್ಲ. ಆದರೂ ಜರ್ಮನಿಗೆ ಹೋಗಿ ಕಲಿತುಬಂದರು.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, 38 ದಾದಿಯರೊಂದಿಗೆ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿ ಆಸ್ಪತ್ರೆಗೆ ಬಂದರು. ಹುಣ್ಣಿಗೆ ಪಟ್ಟಿ ಇಲ್ಲ, ಹಾಸಿಗೆ ಇಲ್ಲ, ಎಲ್ಲೆಲ್ಲೂ ಹೇನು, ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡ ಚರಂಡಿ. ಸತ್ತವರ ಲೆಕ್ಕವೂ ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ತಾಳೆಯಾಗುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಸೈನಿಕರು ನೊಣಗಳಂತೆ ಸತ್ತರು. 1855ರ ಮಾರ್ಚಿನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿತು, ಗಾಳಿ ಆಡುವಂತೆ ಮಾಡಿತು. ಅಲ್ಲಿಂದ ಸಾವು ಇಳಿಯತೊಡಗಿತು.

ದೀಪದ ಕಥೆ ಇಲ್ಲಿಗೆ ಮುಗಿಯುತ್ತದೆ, ಲೆಕ್ಕದ ಕಥೆ ಶುರುವಾಗುತ್ತದೆ. ಯುದ್ಧ ಮುಗಿಸಿ ಊರಿಗೆ ಬಂದ ಮೇಲೆ, ಜನನ ಮರಣ ದಾಖಲೆಯ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಅಂಕಿಸಂಖ್ಯಾ ತಜ್ಞರೊಂದಿಗೆ ಅವರು ಸೇನೆಯ ಕಡತಗಳನ್ನೆಲ್ಲ ಜಾಲಾಡಿದರು. 1855ರ ಜನವರಿ ಒಂದೇ ತಿಂಗಳಲ್ಲಿ ಗಾಯದಿಂದ ಸತ್ತವರು 83. ತಡೆಯಬಹುದಾಗಿದ್ದ ಸೋಂಕುರೋಗಗಳಿಂದ ಸತ್ತವರು 2,761. ಇತರ ಕಾರಣಗಳಿಂದ 324. ಶತ್ರುವಿನ ಗುಂಡಿಗಿಂತ ನಮ್ಮದೇ ಕೊಳಚೆ ಮೂವತ್ತು ಪಟ್ಟಿಗೂ ಹೆಚ್ಚು ಜನರನ್ನು ಕೊಂದಿತ್ತು. ಅದಕ್ಕಿಂತ ಕಹಿಯಾದ ಸತ್ಯ ಇನ್ನೊಂದಿತ್ತು. ರಣರಂಗದ ಹತ್ತಿರದ ಆಸ್ಪತ್ರೆಗಳಿಗಿಂತ ಅವರು ಹಗಲಿರುಳು ದುಡಿದ ಸ್ಕುಟಾರಿಯಲ್ಲೇ ಸಾವು ಹೆಚ್ಚು. ಇಡೀ ದೇಶ ತನ್ನನ್ನು ದೇವತೆಯೆಂದು ಪೂಜಿಸುತ್ತಿರುವಾಗ ಕಾಗದದ ಮೇಲೆ ಇಂಥ ಲೆಕ್ಕ ಎದುರಾದರೆ ಯಾರಾದರೂ ಕಡತ ಮುಚ್ಚಿಡುತ್ತಿದ್ದರೇನೋ. ಇವರು ಅದನ್ನು ಎಲ್ಲರಿಗೂ ಕಾಣಿಸಲು ಹೊರಟರು.

ಕಾಣಿಸುವುದು ಹೇಗೆ? ಫಾರ್ ಅವರಿಗೆ ಅಂಕಿಗಳು ಒಣಒಣವಾಗಿದ್ದಷ್ಟೂ ಒಳ್ಳೆಯದು. ಆದರೆ ಮಂತ್ರಿಗಳು, ರಾಣಿ ವಿಕ್ಟೋರಿಯಾ ಕೋಷ್ಟಕ ಓದುವವರಲ್ಲ ಎಂದು ಫ್ಲಾರೆನ್ಸ್‌ಗೆ ಗೊತ್ತಿತ್ತು. ಅದಕ್ಕೇ ಚಿತ್ರ.

ಇಲ್ಲಿ ನನ್ನ ಕೆಲಸದ ಒಂದು ಮಾತು. ಅಜಂತಾ ದಾರಿಯ ಸಿಲ್ಲೋಡ್‌ನಲ್ಲಿ ಬಚತ್ ಗಟದ, ಅಂದರೆ ನಮ್ಮ ಕಡೆಯ ಸ್ವಸಹಾಯ ಸಂಘದ, ಹೆಣ್ಣುಮಕ್ಕಳಿಗೆ ನಾನು ಎಕ್ಸೆಲ್ ಹೇಳಿಕೊಡುತ್ತೇನೆ. ಮೆಣಸಿನಪುಡಿ ಮಾರಾಟದ ಲೆಕ್ಕ ತುಂಬಿಸಿ ಚಾರ್ಟ್ ಹಾಕಿ ಎಂದರೆ ಎಲ್ಲರೂ ಮೊದಲು ಒತ್ತುವುದು ಬಣ್ಣಬಣ್ಣದ ಪೈ ಚಾರ್ಟನ್ನೇ. ಚೆಂದವೇನೋ ಹೌದು. ಒಟ್ಟಿನಲ್ಲಿ ಯಾವುದರ ಪಾಲೆಷ್ಟು ಎಂದು ಅದು ಹೇಳುತ್ತದೆ. ಯಾವ ತಿಂಗಳು ಏರಿತು, ಯಾವಾಗ ಬಿತ್ತು ಎಂದು ಹೇಳುವುದಿಲ್ಲ. ಫ್ಲಾರೆನ್ಸ್‌ಗೆ ಎರಡೂ ಬೇಕಿತ್ತು. ಯಾವ ಕಾರಣಕ್ಕೆ ಎಷ್ಟು ಸಾವು ಎನ್ನುವುದೂ, ಚರಂಡಿ ತೊಳೆದ ಮೇಲೆ ಅದು ಹೇಗೆ ಇಳಿಯಿತು ಎನ್ನುವುದೂ ಒಂದೇ ನೋಟಕ್ಕೆ ಕಾಣಬೇಕು.

1858ರಲ್ಲಿ ಹೊರಬಂದ ಅವರ ಪ್ರಸಿದ್ಧ ಚಿತ್ರ ಅರಳಿದ ಗುಲಾಬಿಯಂತಿದೆ. ವರ್ಷಕ್ಕೊಂದು ಹೂವು, ತಿಂಗಳಿಗೊಂದು ಎಸಳು. ತಡೆಯಬಹುದಾದ ರೋಗ ನೀಲಿ, ಗಾಯ ಕೆಂಪು, ಉಳಿದದ್ದು ಕಪ್ಪು. ಮೊದಲ ವರ್ಷದ ಹೂವಿನಲ್ಲಿ ನೀಲಿ ಎಸಳುಗಳು ಉಬ್ಬಿ ಹೊರಚಾಚಿವೆ. ಎರಡನೆಯದು ಕುಗ್ಗಿ ಚಿಕ್ಕದಾಗಿದೆ.

ನನಗೆ ತುಂಬ ಇಷ್ಟವಾದದ್ದು ಇದರ ಹಿಂದಿನ ಒಂದು ತಿದ್ದುಪಡಿ. ಮೊದಲು ಮಾಡಿದ ನಕ್ಷೆಯಲ್ಲಿ ಸಾವಿನ ಪ್ರಮಾಣವನ್ನು ನಡುವಿನಿಂದ ಹೊರಕ್ಕೆ ಉದ್ದವಾಗಿ ಅಳೆದಿದ್ದರು. ಉದ್ದ ಎರಡು ಪಟ್ಟಾದರೆ ಎಸಳಿನ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಕಣ್ಣು ನೋಡುವುದು ವಿಸ್ತಾರವನ್ನು. ಹಾಗೇ ಬಿಟ್ಟಿದ್ದರೆ ಅವರ ವಾದಕ್ಕೇ ಲಾಭವಿತ್ತು, ಹೆಚ್ಚು ಭಯಂಕರವಾಗಿ ಕಾಣುತ್ತಿತ್ತು. ಬಿಡಲಿಲ್ಲ. ತಿದ್ದುಪಡಿ ಚೀಟಿ ಸೇರಿಸಿದರು. ಮುಂದಿನ ಚಿತ್ರದಲ್ಲಿ ವಿಸ್ತಾರವೇ ಸಂಖ್ಯೆಗೆ ಸರಿಹೊಂದುವಂತೆ ಬರೆದರು. ಅದೇ ವರ್ಷ ಲಂಡನ್ನಿನ ಅಂಕಿಸಂಖ್ಯಾ ಸಂಘ ಅವರನ್ನು ಸದಸ್ಯೆಯಾಗಿ ಆರಿಸಿತು. ಆ ಸಂಘದ ಮೊದಲ ಮಹಿಳೆ ಅವರು.

ಅಂದಹಾಗೆ ಎಕ್ಸೆಲ್‌ನ ಚಾರ್ಟುಗಳ ಪಟ್ಟಿಯಲ್ಲಿ ಈ ಗುಲಾಬಿ ಇಲ್ಲ. ನಾನು ಅದೇ ಅಂಕಿಗಳನ್ನು ತಿಂಗಳಿಗೊಂದು ಕಂಬದಂತೆ ಹಾಕಿ, ಒಂದರ ಮೇಲೊಂದು ಮೂರು ಬಣ್ಣ ಪೇರಿಸಿ ತೋರಿಸುತ್ತೇನೆ. ಓದಲು ಅದೇ ಸುಲಭ ಎಂದು ನನ್ನ ಅನಿಸಿಕೆ. ಫ್ಲಾರೆನ್ಸ್‌ಗೂ ಅದು ತಿಳಿಯದ್ದೇನಲ್ಲ. ಶಾಂತಿಕಾಲದಲ್ಲಿ, ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲೇ, 20ರಿಂದ 25 ವಯಸ್ಸಿನ ಸೈನಿಕರು ಸಾವಿರಕ್ಕೆ 17ರಂತೆ ಸಾಯುತ್ತಿದ್ದರು. ಅದೇ ವಯಸ್ಸಿನ ಊರ ಗಂಡಸರು 8.4. ಇದನ್ನು ತೋರಿಸಲು ಅವರು ಗುಲಾಬಿ ಬರೆಯಲಿಲ್ಲ. ಕಪ್ಪು ಪಟ್ಟಿಯ ಪಕ್ಕ ಉದ್ದದ ಕೆಂಪು ಪಟ್ಟಿ, ಅಷ್ಟೇ.

ಆಮೇಲೆ ಅವರ ಕಣ್ಣು ನಮ್ಮ ದೇಶದ ಕಡೆ ತಿರುಗಿತು. ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದರೂ ಇಲ್ಲಿಯ ದಂಡು ಪ್ರದೇಶಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. ನೀರು ಎಲ್ಲಿಯದು, ಚರಂಡಿ ಇದೆಯೇ, ಎಷ್ಟು ಜನ ಸತ್ತರು? 1863ರಲ್ಲಿ ಬಂದ ವರದಿ 2,000 ಪುಟ ದಾಟಿತ್ತು. ಇಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಹತ್ತು ವರ್ಷದ ನಂತರ ಅದು 18ಕ್ಕೆ ಇಳಿದಿದೆಯೆಂದು ಅವರೇ ಬರೆದರು. ಭಾರತಕ್ಕೆ ಒಮ್ಮೆಯೂ ಬಂದವರಲ್ಲ, ಆದರೂ ಸೈನಿಕರಿಂದ ರೈತರ ತನಕ ಅವರ ಚಿಂತೆ ಬೆಳೆಯಿತು. 1876-78ರ ಬರ ಮೈಸೂರು ಸೀಮೆಯನ್ನೂ ಮುಂಬಯಿ ಪ್ರಾಂತ್ಯದ ನಮ್ಮ ಕನ್ನಡ ಜಿಲ್ಲೆಗಳನ್ನೂ ಹಿಂಡಿಹಾಕಿದಾಗ ನೀರಾವರಿಗಾಗಿ ಲೇಖನ ಬರೆದರು. ಹಳ್ಳಿಗಳ ನೈರ್ಮಲ್ಯದ ಬಗ್ಗೆ ಪುಣೆಯ ಸಾರ್ವಜನಿಕ ಸಭೆಗೂ ಪತ್ರ ಬರೆದರು.

ಕೊನೆಗಾಲದಲ್ಲಿ ಕಣ್ಣು ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂತು, ಅದನ್ನು ಪಡೆದ ಮೊದಲ ಮಹಿಳೆ. 1910ರ ಆಗಸ್ಟ್ 13ರಂದು, 90ರ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡೋಣವೆಂದರೆ ಮನೆಯವರು ಬೇಡವೆಂದರು. ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಸಮಾಧಿಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎರಡು ಅಕ್ಷರ, ಎಫ್. ಎನ್.; ಅದರ ಕೆಳಗೆ ಹುಟ್ಟಿದ ದಿನ, ಸತ್ತ ದಿನ.