ನಲವತ್ತನಾಲ್ಕಕ್ಕೆ ಕೆಲಸ ಹೋಯಿತು, ಪತ್ತೇದಾರ ಹುಟ್ಟಿದ

ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಕೋಟು, ಹ್ಯಾಟು ಹಾಕಿಕೊಂಡು, ಸಿಗರೇಟು ಹಚ್ಚಿ, ರಾತ್ರಿಯ ಬೀದಿಯಲ್ಲಿ ಒಬ್ಬನೇ ಓಡಾಡುವ ಪತ್ತೇದಾರನನ್ನು ನೋಡಿರುತ್ತೀರಿ. ಅಂಥವರ ಪೈಕಿ ಬಹಳ ಹೆಸರಾದವನು ಫಿಲಿಪ್ ಮಾರ್ಲೋ. ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅವನನ್ನು ಸೃಷ್ಟಿಸಿದ ರೇಮಂಡ್ ಚಾಂಡ್ಲರ್ ಅವರ ರೆಸ್ಯೂಮೆ. ಇಂದಿನ ಯಾವ ಎಚ್‌ಆರ್ ಕೈಗೆ ಸಿಕ್ಕಿದ್ದರೂ ಅದು ನೇರ ಕಸದ ಬುಟ್ಟಿಗೇ ಹೋಗುತ್ತಿತ್ತು.

ಚಾಂಡ್ಲರ್ ಹುಟ್ಟಿದ್ದು 1888ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ತಂದೆ ರೈಲ್ವೆ ಎಂಜಿನಿಯರ್, ಜೊತೆಗೆ ವಿಪರೀತ ಕುಡುಕ. ಆತ ಮನೆ ಬಿಟ್ಟುಹೋದ ಮೇಲೆ ತಾಯಿ ಮಗನನ್ನು ಕರೆದುಕೊಂಡು ಇಂಗ್ಲೆಂಡ್ ಸೇರಿದರು. ಸೋದರಮಾವನ ದುಡ್ಡಿನಲ್ಲಿ ಹುಡುಗ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಓದಿದ. 1907ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಒಳ್ಳೆಯ ರ‍್ಯಾಂಕಿನಲ್ಲಿ ಪಾಸು ಮಾಡಿ ನೌಕಾ ಇಲಾಖೆಗೆ ಸೇರಿದವರು, ಬೇಸರವಾಗಿ ಸುಮಾರು ಒಂದು ವರ್ಷಕ್ಕೇ ರಾಜೀನಾಮೆ ಕೊಟ್ಟರು. ಸರ್ಕಾರಿ ಕೆಲಸ ಬಿಟ್ಟ ಹುಡುಗನಿಗೆ ಮನೆಯಲ್ಲಿ ಏನು ಕಾದಿರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ!

ಪತ್ರಿಕಾ ವರದಿಗಾರಿಕೆ ಕೈಹಿಡಿಯಲಿಲ್ಲ. ಬರೆದ ಕವಿತೆಗಳಿಂದ ಹೊಟ್ಟೆ ತುಂಬಲಿಲ್ಲ. 1912ರಲ್ಲಿ ಮಾವನ ಹತ್ತಿರ ಸಾಲ ಮಾಡಿ ಅಮೆರಿಕಕ್ಕೆ ಹಡಗು ಹತ್ತಿದರು. ಅಲ್ಲಿ ಟೆನಿಸ್ ರ‍್ಯಾಕೆಟ್ಟಿಗೆ ತಂತಿ ಬಿಗಿದರು, ತೋಟದಲ್ಲಿ ಹಣ್ಣು ಕಿತ್ತರು, ಜೊತೆಗೆ ಅಂಚೆ ಮೂಲಕ ಲೆಕ್ಕ ಬರೆಯುವುದನ್ನು ಕಲಿತರು. ಮೊದಲ ಮಹಾಯುದ್ಧದಲ್ಲಿ ಕೆನಡಾ ಸೇನೆ ಸೇರಿ ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದರು. ಹಿಂದಿರುಗಿ ಲಾಸ್ ಏಂಜಲೀಸ್‌ನ ತೈಲ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ಉಪಾಧ್ಯಕ್ಷ ಹುದ್ದೆವರೆಗೂ ಏರಿದರು. ಒಳ್ಳೆಯ ಸಂಬಳ, ತಮಗಿಂತ ಹದಿನೆಂಟು ವರ್ಷ ದೊಡ್ಡವರಾದ ಹೆಂಡತಿ ಸಿಸ್ಸಿ. ಬದುಕು ದಡ ಸೇರಿತು ಎನ್ನುವಾಗ ತಂದೆಯ ಚಟ ಮಗನಿಗೂ ಅಂಟಿಕೊಂಡಿತ್ತು. ಕುಡಿತ, ಹೇಳದೆ ಕೇಳದೆ ಗೈರುಹಾಜರಿ. 1932ರಲ್ಲಿ ಕಂಪನಿ ಅವರನ್ನು ಹೊರಗೆ ಹಾಕಿತು. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತ. ಅವರ ವಯಸ್ಸು ನಲವತ್ತನಾಲ್ಕು.

ಆಗ ಅವರ ಕಣ್ಣಿಗೆ ಬಿದ್ದದ್ದು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಅಪರಾಧ ಕಥೆಗಳ ಪತ್ರಿಕೆಗಳು. ತಾನೂ ಬರೆಯಬಹುದಲ್ಲ ಎನ್ನಿಸಿತು. ಆದರೆ ಹಾಗೆಂದು ಒಮ್ಮೆಗೇ ಬರೆಯಲು ಕೂರಲಿಲ್ಲ. ಆಗಲೇ ಹೆಸರು ಮಾಡಿದ್ದ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ ಅವರ ಒಂದು ಕಥೆಯನ್ನು ತೆಗೆದುಕೊಂಡು ಅದರ ವಿವರವಾದ ಸಾರಾಂಶ ಮಾಡಿಕೊಂಡರು. ಆ ಸಾರಾಂಶದಿಂದ ಕಥೆಯನ್ನು ತಾವೇ ಮತ್ತೆ ಬರೆದರು. ಆಮೇಲೆ ಮೂಲದ ಪಕ್ಕದಲ್ಲಿಟ್ಟು ತಮ್ಮದು ಎಲ್ಲಿ ಸಪ್ಪೆಯಾಯಿತು, ಎಲ್ಲಿ ಎಡವಿತು ಎಂದು ನೋಡಿ ಮತ್ತೆ ಬರೆದರು. ಎಂಜಿನಿಯರಿಂಗ್ ಹುಡುಗರಾದ ನಾವು ಇದನ್ನು ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತೇವೆ. ಯಂತ್ರ ಬಿಚ್ಚಿ ಜೋಡಿಸಿದ ಹಾಗೆ ಅವರು ಕಥೆ ಬಿಚ್ಚಿ ಜೋಡಿಸಿದರು.

ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. 1933ರಲ್ಲಿ ಬ್ಲ್ಯಾಕ್ ಮಾಸ್ಕ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಪದಕ್ಕೊಂದು ಸೆಂಟ್ ಲೆಕ್ಕದಲ್ಲಿ ಸಿಕ್ಕಿದ್ದು 180 ಡಾಲರ್. ಮೊದಲ ಕಾದಂಬರಿ ದಿ ಬಿಗ್ ಸ್ಲೀಪ್ 1939ರಲ್ಲಿ ಬಂದಾಗ ಅವರಿಗೆ ಐವತ್ತು. ಒಟ್ಟು ಮುಗಿಸಿದ್ದು ಏಳೇ ಕಾದಂಬರಿ. ಕಥೆಯ ಎಳೆ ಹೆಣೆಯುವುದರಲ್ಲಿ ಅವರು ಅಷ್ಟೇನೂ ಪಳಗಿದವರಲ್ಲ. ದಿ ಬಿಗ್ ಸ್ಲೀಪ್ ಸಿನಿಮಾ ಮಾಡುವಾಗ, ಅದರಲ್ಲಿ ಬರುವ ಕಾರು ಚಾಲಕನನ್ನು ಕೊಂದವರು ಯಾರು ಎಂದು ಚಿತ್ರತಂಡ ಕೇಳಿದ್ದಕ್ಕೆ ತಮಗೂ ಗೊತ್ತಿಲ್ಲ ಎಂದರಂತೆ. ಓದುಗರು ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಾರ್ಲೋನ ಮಾತು, ಅವನ ಪ್ರಾಮಾಣಿಕತೆ ಮತ್ತು ಹಣವಿದ್ದವರ ಕೈಗೆ ಸಿಕ್ಕಿ ಕೊಳೆಯುತ್ತಿದ್ದ ಆ ಊರಿನ ಚಿತ್ರ.

ತಮ್ಮ ಬರವಣಿಗೆಯ ಬಗ್ಗೆ ಅವರು ಪತ್ರಗಳಲ್ಲಿ ಧಾರಾಳವಾಗಿ ಹೇಳಿಕೊಂಡಿದ್ದಾರೆ. ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಬರವಣಿಗೆಗೆ ಮೀಸಲು. ಬರೆಯಲೇಬೇಕೆಂದಿಲ್ಲ, ಆದರೆ ಆ ಹೊತ್ತಿನಲ್ಲಿ ಬೇರೇನೂ ಮಾಡುವಂತಿಲ್ಲ, ಓದುವಂತೆಯೂ ಇಲ್ಲ. ಮೊಬೈಲ್ ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆಗೆ ಓದುವ ನಮಗೆ ಈ ನಿಯಮ ಎಷ್ಟು ಕಠಿಣ ಎಂದು ಗೊತ್ತು. 1958ರ ಜುಲೈನಲ್ಲಿ ಜೇಮ್ಸ್ ಬಾಂಡ್ ಸೃಷ್ಟಿಕರ್ತ ಇಯಾನ್ ಫ್ಲೆಮಿಂಗ್ ಜೊತೆ ಬಿಬಿಸಿ ರೇಡಿಯೊದಲ್ಲಿ ಮಾತಿಗೆ ಕೂತರು. ಫ್ಲೆಮಿಂಗ್ ಎರಡು ತಿಂಗಳಲ್ಲಿ ಪುಸ್ತಕ ಮುಗಿಸುವವರು. ಚಾಂಡ್ಲರ್ ಮಾತ್ರ ತಮ್ಮ ಅತಿ ವೇಗದ ಪುಸ್ತಕಕ್ಕೂ ಮೂರು ತಿಂಗಳು ಬೇಕಾಯಿತು ಎಂದು ಒಪ್ಪಿಕೊಂಡರು.

ಇದನ್ನೆಲ್ಲ ಸ್ಫೂರ್ತಿಯ ಕಥೆ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಬಿಡುವುದು ಸುಲಭ. ಆದರೆ ಗೆದ್ದ ಮೇಲೂ ಕುಡಿತ ಅವರನ್ನು ಪೂರ್ತಿ ಬಿಡಲಿಲ್ಲ. 1954ರಲ್ಲಿ ಸಿಸ್ಸಿ ತೀರಿಕೊಂಡ ಮೇಲೆ ಅವರು ಚೇತರಿಸಿಕೊಳ್ಳಲೇ ಇಲ್ಲ. ರೇಡಿಯೊ ಮಾತುಕತೆಯ ಮರುವರ್ಷ, 1959ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಅಂತ್ಯಸಂಸ್ಕಾರಕ್ಕೆ ಬಂದವರು ಹದಿನೇಳು ಜನ. ಸಿಸ್ಸಿಯ ಚಿತಾಭಸ್ಮವನ್ನು ಅಭಿಮಾನಿಗಳ ಪ್ರಯತ್ನದಿಂದ ಅವರ ಸಮಾಧಿಗೆ ಸೇರಿಸಿದ್ದು 2011ರಲ್ಲಿ.

ಕೆಲಸ ಕಳೆದುಕೊಂಡದ್ದರಿಂದಲೇ ಅವರು ಲೇಖಕರಾದರು ಎಂದು ನಾನು ಹೇಳಲಾರೆ. ಆ ವರ್ಷ ಕೆಲಸ ಕಳೆದುಕೊಂಡವರು ಲಕ್ಷಾಂತರ ಜನ. ಇನ್ನೊಬ್ಬರ ಕಥೆ ಮುಂದಿಟ್ಟುಕೊಂಡು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದನೇ ಕ್ಲಾಸಿನ ಹುಡುಗನಂತೆ ತಿದ್ದಲು ಕೂತರಲ್ಲ, ನನಗೆ ಅದು ದೊಡ್ಡದು. ಕ್ಯಾಂಪಸ್ ಸೆಲೆಕ್ಷನ್ ಪಟ್ಟಿಯಲ್ಲಿ ಹೆಸರಿಲ್ಲದ ದಿನ ನಮ್ಮಲ್ಲಿ ಯಾರಿಗಾದರೂ ಅಷ್ಟು ತಾಳ್ಮೆ ಬಂದರೆ ಸಾಕು.