ಮಿದುಳಿನ ಅಲೆ ಕಂಡ ಹಾನ್ಸ್ ಬರ್ಗರ್

ಹಾನ್ಸ್ ಬರ್ಗರ್ 1873ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಸೇನಾ ತರಬೇತಿಯಲ್ಲಿದ್ದಾಗ ಒಮ್ಮೆ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲೇ ಪಾರಾದರು. ಅದೇ ಸಂಜೆ ಅವರ ಕ್ಷೇಮ ವಿಚಾರಿಸಿ ಮನೆಯಿಂದ ತಂತಿ ಬಂತು. ದೂರದ ಊರಿನಲ್ಲಿದ್ದ ಸಹೋದರಿಗೆ ಅಪಾಯದ ಸುಳಿವು ಸಿಕ್ಕಿತ್ತಂತೆ! ಯೋಚನೆಗಳು ದೂರಕ್ಕೆ ಹರಿಯುತ್ತವೆಯೇ? ಈ ಕುತೂಹಲದಿಂದ ಅವರು ವೈದ್ಯಶಾಸ್ತ್ರ ಓದಿದರು.

ಅದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಬೇರೊಂದು ಸತ್ಯ ಸಿಕ್ಕಿತು. 1924ರಲ್ಲಿ ಯೇನಾ ನಗರದಲ್ಲಿ ಅವರು ಮನುಷ್ಯನ ಮಿದುಳಿನ ಅತಿ ಸಣ್ಣ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ತಮ್ಮ ಮಗನ ತಲೆಯ ಮೇಲೂ ಪರೀಕ್ಷೆ ನಡೆಸಿದರು. ಐದು ವರ್ಷ ಮತ್ತೆ ಮತ್ತೆ ಪರಿಶೀಲಿಸಿ 1929ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಏಡ್ರಿಯನ್ ಇದು ನಿಜವೆಂದು ತೋರಿಸಿದರು. ಬರ್ಗರ್ 1941ರಲ್ಲಿ ತೀರಿಕೊಂಡರು.

ಈ ಪರೀಕ್ಷೆಯ ಹೆಸರು ಇ.ಇ.ಜಿ. ಮೂರ್ಛೆ ರೋಗವಿರುವ ಮಗುವಿಗೆ ಔಷಧ ಆರಿಸಲು ಇದು ನೆರವಾಗುತ್ತದೆ. ಮೂರ್ಛೆಯಲ್ಲಿ ಹಲವು ಬಗೆಗಳಿವೆ. ಕೆಲವು ಮಕ್ಕಳು ಕೆಳಗೆ ಬೀಳುವುದಿಲ್ಲ. ಕೆಲವೇ ಸೆಕೆಂಡು ಸುಮ್ಮನೆ ದಿಟ್ಟಿಸುತ್ತಾರೆ. ಪಾಠದ ಕಡೆ ಗಮನವಿಲ್ಲವೆಂದು ಬೈಸಿಕೊಳ್ಳುತ್ತಾರೆ! ಆ ಹೊತ್ತಿನ ಇ.ಇ.ಜಿ.ಯಲ್ಲಿ ಸೆಕೆಂಡಿಗೆ ಸುಮಾರು ಮೂರರಂತೆ ಚೂಪಾದ ಅಲೆಗಳು ಕಾಣುತ್ತವೆ. ಇದಕ್ಕೆ ಎಥೊಸಕ್ಸಿಮೈಡ್ ಎಂಬ ಔಷಧ ಒಪ್ಪುತ್ತದೆ. ಬೇರೆ ಬಗೆಯ ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ಇಲ್ಲಿ ತೊಂದರೆಯನ್ನು ಹೆಚ್ಚಿಸಬಹುದು.

ಮಕ್ಕಳೇ, ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ. ಫಿಟ್ಸ್ ನಿಂತಿತೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡಲೂಬಾರದು. ಮೂರ್ಛೆ ಶಾಪವಲ್ಲ, ಅಂಟುರೋಗವೂ ಅಲ್ಲ. ಅದು ಮಿದುಳಿನ ವಿದ್ಯುತ್ತಿನಲ್ಲಿ ಆಗುವ ಏರುಪೇರು.