ಬುದ್ಧಿಯನ್ನು ಅಳೆದ ಆಲ್‌ಫ್ರೆಡ್ ಬಿನೆ

ಮನುಷ್ಯನು ನಕ್ಷತ್ರಗಳ ಗತಿಯನ್ನು ಗಣಿಸಿದನು. ಸಾಗರದ ಆಳವನ್ನು ಅಳೆದನು. ಧಾನ್ಯಕ್ಕೆ ಬಳ್ಳವನ್ನೂ ಬಂಗಾರಕ್ಕೆ ತ್ರಾಸನ್ನೂ ಕಲ್ಪಿಸಿಕೊಂಡನು. ಆದರೆ ತನ್ನೊಳಗೇ ಇರುವ ಬುದ್ಧಿಯನ್ನು ಅಳೆಯುವ ಬಗೆ ಮಾತ್ರ ಬಹುಕಾಲ ಆತನಿಗೆ ಗೋಚರವಾಗಲಿಲ್ಲ. ಶಾಲೆಯಲ್ಲಿ ಉಪಾಧ್ಯಾಯನ ಕಣ್ಣಳತೆಯೇ ಪ್ರಮಾಣವಾಗಿತ್ತು. ಆತನು ಜಾಣನೆಂದ ಹುಡುಗನು ಜಾಣ, ದಡ್ಡನೆಂದ ಹುಡುಗನು ದಡ್ಡ. ಮಗುವಿನ ಬಾಳನ್ನೇ ನಿರ್ಧರಿಸಬಲ್ಲ ಇಂಥ ತೀರ್ಪನ್ನು ಪರೀಕ್ಷೆಯ ನೆಲೆಗೆ ತಂದು ನಿಲ್ಲಿಸಿದವನು ಫ್ರಾನ್ಸ್ ದೇಶದ ಮನಶ್ಶಾಸ್ತ್ರಜ್ಞ ಆಲ್‌ಫ್ರೆಡ್ ಬಿನೆ. ಆತನು ರಚಿಸಿದ ಮಾನದಂಡವನ್ನು ಲೋಕವು ಬಲ್ಲದು. ಅದನ್ನು ಯಾವ ಉದ್ದೇಶದಿಂದ ರಚಿಸಿದನು, ಯಾವ ಎಚ್ಚರಿಕೆಗಳೊಡನೆ ಲೋಕದ ಕೈಗೆ ಒಪ್ಪಿಸಿದನು ಎಂಬುದನ್ನು ಬಲ್ಲವರು ವಿರಳ. ಆದುದರಿಂದಲೇ ಆತನ ಜೀವನವು ಅಧ್ಯಾಪಕರಿಗೂ ಪಾಲಕರಿಗೂ ಮನನಯೋಗ್ಯವಾಗಿದೆ.

ಬಿನೆ ಜನಿಸಿದ್ದು 1857ನೆಯ ಇಸವಿ ಜುಲೈ 8ರಂದು, ಮೆಡಿಟರೇನಿಯನ್ ಸಮುದ್ರತೀರದ ನೀಸ್ ಪಟ್ಟಣದಲ್ಲಿ. ಆಗ ಸಾರ್ಡೀನಿಯಾ ರಾಜ್ಯಕ್ಕೆ ಒಳಪಟ್ಟಿದ್ದ ಆ ಪಟ್ಟಣವು 1860ರಲ್ಲಿ ಫ್ರಾನ್ಸಿಗೆ ಸೇರಿತು. ತಂದೆ ವೈದ್ಯ, ತಾಯಿ ಚಿತ್ರಕಲಾವಿದೆ. ದಂಪತಿಗಳು ಬೇರೆಯಾದುದರಿಂದ ಬಾಲಕನು ತಾಯಿಯ ಆಶ್ರಯದಲ್ಲಿಯೇ ಬೆಳೆದು, ಆಕೆಯೊಡನೆ ಪ್ಯಾರಿಸ್ ನಗರಕ್ಕೆ ಬಂದು, ಅಲ್ಲಿಯ ಪ್ರಸಿದ್ಧ ಲೂಯಿ-ಲ-ಗ್ರಾಂ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದನು. 1878ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದನಾದರೂ ವಕೀಲಿಯ ಕಡೆಗೆ ಮನಸ್ಸು ಒಲಿಯಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ಓದತೊಡಗಿದನು. ಆ ಶಾಸ್ತ್ರದಲ್ಲಿ ಆತನಿಗೆ ಗುರುವೆಂಬುವರು ಇರಲಿಲ್ಲ, ಗ್ರಂಥಗಳೇ ಗುರುಗಳಾಗಿದ್ದವು. ಗುರುವಿಲ್ಲದ ವಿದ್ಯೆಯ ಕೊರತೆಯೂ ಬೇಗನೆ ಅನುಭವಕ್ಕೆ ಬಂದಿತು. 1880ರಲ್ಲಿ ಸ್ಪರ್ಶಜ್ಞಾನವನ್ನು ಕುರಿತು ಆತನು ಪ್ರಕಟಿಸಿದ ಮೊದಲ ಲೇಖನವು ಬೆಲ್ಜಿಯಮ್ಮಿನ ವಿದ್ವಾಂಸನಾದ ದೆಲ್‌ಬೆಫನ ತೀಕ್ಷ್ಣ ವಿಮರ್ಶೆಗೆ ಗುರಿಯಾಯಿತು.

1883ರಲ್ಲಿ ಬಿನೆ ಪ್ಯಾರಿಸ್ಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ನರರೋಗಗಳ ಮಹಾವೈದ್ಯನಾದ ಶಾರ್ಕೋ ಸಂಮೋಹನ ವಿದ್ಯೆಯ ಪ್ರಯೋಗಗಳನ್ನು ನಡೆಸುತ್ತಿದ್ದನು. ಸಂಮೋಹನಕ್ಕೆ ಒಳಗಾದ ರೋಗಿಯ ಬಳಿ ಅಯಸ್ಕಾಂತವನ್ನು ಹಿಡಿದರೆ ದೇಹದ ಒಂದು ಪಾರ್ಶ್ವದ ಲಕ್ಷಣಗಳು ಮತ್ತೊಂದು ಪಾರ್ಶ್ವಕ್ಕೆ ಸರಿಯುವುವೆಂದು ಬಿನೆಯೂ ಆತನ ಸಹೋದ್ಯೋಗಿ ಫೇರೆಯೂ ಸಾರಿದರು. ನಾನ್ಸಿ ನಗರದ ವೈದ್ಯರು ಇದನ್ನು ಒಪ್ಪಲಿಲ್ಲ. ದೆಲ್‌ಬೆಫನು ತಾನೇ ಬಂದು ಪ್ರಯೋಗಗಳನ್ನು ಕಣ್ಣಾರೆ ಕಂಡನು. ಏನು ನಡೆಯಬೇಕೆಂದು ಪ್ರಯೋಗಕಾರರು ಬಯಸುತ್ತಿದ್ದರೋ ಅದನ್ನು ರೋಗಿಯ ಎದುರಿನಲ್ಲಿಯೇ ಆಡಿಕೊಳ್ಳುತ್ತಿದ್ದರು. ರೋಗಿಯು ಆ ಬಯಕೆಗೆ ತಕ್ಕಂತೆ ನಡೆದುಕೊಳ್ಳುತ್ತಿದ್ದಳು. ಫಲವು ಅಯಸ್ಕಾಂತದ್ದಲ್ಲ, ಸೂಚನೆಯದು ಎಂಬುದು ಸಿದ್ಧವಾಯಿತು. ಬಿನೆ ಕೊನೆಗೆ ಬಹಿರಂಗವಾಗಿಯೇ ಅದನ್ನು ಒಪ್ಪಿಕೊಳ್ಳಬೇಕಾಯಿತು. ಕೀರ್ತಿಯ ಹಂಬಲವುಳ್ಳ ತರುಣನಿಗೆ ಇದು ದೊಡ್ಡ ಆಘಾತ. ಆದರೆ ಪ್ರಶ್ನಿಸುವವನ ನಿರೀಕ್ಷೆಯೇ ಉತ್ತರದ ರೂಪವನ್ನು ತಾಳಬಹುದೆಂಬ ಅರಿವು ಆತನಿಗೆ ಉಂಟಾದುದು ಈ ಸೋಲಿನಿಂದಲೇ. ಮುಂದೆ ಆತನು ಮಾಡಿದ ಕಾರ್ಯಕ್ಕೆಲ್ಲ ಈ ಅರಿವೇ ಅಡಿಗಲ್ಲಾಯಿತು.

ಆಸ್ಪತ್ರೆಯನ್ನು ಬಿಟ್ಟ ಬಿನೆಗೆ ಮನೆಯೇ ಪ್ರಯೋಗಶಾಲೆಯಾಯಿತು. 1884ರಲ್ಲಿ ಆತನು ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿಯ ಮಗಳಾದ ಲೋರ್ ಎಂಬಾಕೆಯನ್ನು ವರಿಸಿದ್ದನು. 1885ರಲ್ಲಿ ಮಾದಲೇನ್, 1887ರಲ್ಲಿ ಆಲೀಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ನಡೆಯಲು ಕಲಿಯುವಾಗ ಹಿರಿಯವಳು ಆಧಾರವನ್ನು ಹಿಡಿದು, ಮುಂದಿನ ಆಧಾರವನ್ನು ನೋಡಿಕೊಂಡೇ ಹೆಜ್ಜೆಯಿಡುತ್ತಿದ್ದಳು. ಕಿರಿಯವಳು ಬೀಳುವ ಭಯವಿಲ್ಲದೆ ತೂರಾಡುತ್ತ ಮುನ್ನುಗ್ಗುತ್ತಿದ್ದಳು. ಒಂದೇ ಮನೆ, ಒಂದೇ ಅನ್ನ, ಒಂದೇ ಲಾಲನೆ. ಸ್ವಭಾವ ಮಾತ್ರ ಎರಡು ಬಗೆ. ಮತ್ತೊಂದು ಸಂಗತಿಯನ್ನೂ ಆತನು ಗಮನಿಸಿದನು. ಆ ಕಾಲದಲ್ಲಿ ಇಂಗ್ಲೆಂಡಿನ ಗಾಲ್ಟನ್ ಮೊದಲಾದವರು ಕಣ್ಣು, ಕಿವಿ, ಸ್ಪರ್ಶಗಳ ಸೂಕ್ಷ್ಮತೆಯನ್ನು ಅಳೆಯುವುದರಲ್ಲಿ ನಿರತರಾಗಿದ್ದರು. ಆದರೆ ಇಂದ್ರಿಯಗಳ ಚುರುಕಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಇರುವ ಅಂತರವು ಬಿನೆಯ ಕಣ್ಣಿಗೆ ಅಲ್ಪವಾಗಿ ಕಂಡಿತು. ವಸ್ತುವೊಂದು ಏನೆಂದು ಕೇಳಿದಾಗ ಮಾತ್ರ ಭೇದವು ಸ್ಪಷ್ಟವಾಗುತ್ತಿತ್ತು: ಮಗುವು ಅದರ ಉಪಯೋಗವನ್ನಷ್ಟೇ ಹೇಳುತ್ತಿತ್ತು. ಬುದ್ಧಿಯನ್ನು ಅರಿಯಬೇಕಾದರೆ ಅವಧಾನ, ಸ್ಮರಣೆ, ಗ್ರಹಿಕೆ, ವಿವೇಚನೆಗಳನ್ನೇ ನೇರವಾಗಿ ಪರೀಕ್ಷಿಸಬೇಕೆಂದು ಆತನಿಗೆ ಮನವರಿಕೆಯಾಯಿತು.

1891ರಲ್ಲಿ ಬಿನೆ ಸೊರ್ಬಾನ್ ವಿದ್ಯಾಪೀಠದ ಮನಶ್ಶಾಸ್ತ್ರ ಪ್ರಯೋಗಾಲಯವನ್ನು ಸೇರಿ, ಮುಂದೆ ಅದರ ನಿರ್ದೇಶಕನಾದನು. 1895ರಲ್ಲಿ ಫ್ರೆಂಚ್ ಮನಶ್ಶಾಸ್ತ್ರದ ವಾರ್ಷಿಕ ಪತ್ರಿಕೆಯೊಂದನ್ನು ಹೊರಡಿಸಿದನು. ತಲೆಬುರುಡೆ ದೊಡ್ಡದಾದಷ್ಟೂ ಬುದ್ಧಿಯೂ ದೊಡ್ಡದೆಂಬುದು ಅಂದಿನ ಪಂಡಿತರ ನಂಬಿಕೆಯಾಗಿತ್ತು. ಬಿನೆಯೂ ಶಾಲೆಗಳಿಗೆ ಹೋಗಿ ಮಕ್ಕಳ ತಲೆಗಳನ್ನು ಅಳೆದನು. ಜಾಣರೆಂಬವರಿಗೂ ಮಂದರೆಂಬವರಿಗೂ ಕಂಡ ಅಂತರವು ಅತ್ಯಲ್ಪ. ಅಷ್ಟೇ ಅಲ್ಲ, ಮಗುವು ಮಂದಮತಿಯೆಂದು ಮೊದಲೇ ತಿಳಿದಿದ್ದರೆ ಅಳೆಯುವ ಕೈಯೇ ಅರಿವಿಲ್ಲದೆ ಒಂದು ಕಡೆಗೆ ವಾಲುವ ಅಪಾಯವುಂಟೆಂದು ಆತನು ತನ್ನ ವಿಷಯದಲ್ಲಿಯೇ ಶಂಕಿಸಿದನು. ಸಾಲ್‌ಪೆತ್ರಿಯೇರಿನ ಪಾಠವು ಇಲ್ಲಿ ಕಾಪಾಡಿತು. ತಲೆಯ ಅಳತೆಯನ್ನು ಕೈಬಿಟ್ಟನು. 1900ರಲ್ಲಿ ಸೂಚನೆಗೆ ವಶವಾಗುವ ಮನಸ್ಸನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ಒಂದಕ್ಕಿಂತ ಒಂದು ಉದ್ದವಾಗುವ ಗೆರೆಗಳನ್ನು ಕ್ರಮವಾಗಿ ತೋರಿಸಿ, ಬಳಿಕ ಸಮಾನವಾದ ಗೆರೆಗಳನ್ನೇ ತೋರಿಸಿದರೂ ಅನೇಕ ಮಕ್ಕಳು ಅವು ಉದ್ದವಾಗುತ್ತಲೇ ಇವೆಯೆಂದು ತಿಳಿಯುತ್ತಿದ್ದುದನ್ನು ಆ ಗ್ರಂಥದಲ್ಲಿ ವಿವರಿಸಿದನು.

ಇತ್ತ ಫ್ರಾನ್ಸಿನಲ್ಲಿ 1882ರ ಶಾಸನದಿಂದ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾಗಿತ್ತು. ಹಿಂದೆ ಶಾಲೆಯ ಹೊಸ್ತಿಲನ್ನೇ ತುಳಿಯದಿದ್ದ ಮಕ್ಕಳೆಲ್ಲ ತರಗತಿಗಳಿಗೆ ಬಂದರು. ಕೆಲವರಿಗೆ ಪಾಠವು ಹತ್ತದು. ಇವರಿಗೆ ವಿಶೇಷ ಶಿಕ್ಷಣವನ್ನು ಕಲ್ಪಿಸುವ ಬಗೆಯನ್ನು ವಿಚಾರಿಸಲು ಶಿಕ್ಷಣ ಸಚಿವಾಲಯವು 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಬಿನೆ ಅದರ ಸದಸ್ಯನಾದನು. ಇಂಥ ಮಕ್ಕಳನ್ನು ಗುರುತಿಸುವವರು ಯಾರು, ಗುರುತಿಸುವ ಬಗೆ ಹೇಗೆ ಎಂಬುದೇ ತೊಡಕು. ಕಾಟ ಕೊಡುವ ಹುಡುಗನನ್ನು ಉಪಾಧ್ಯಾಯನು ಮಂದಮತಿಯೆಂದು ಸಾಗಹಾಕಬಹುದು. ವೈದ್ಯರಲ್ಲಿಯೂ ಒಮ್ಮತವಿರಲಿಲ್ಲ; ಒಂದೇ ಮಗುವಿಗೆ ಒಬ್ಬೊಬ್ಬ ವೈದ್ಯನು ಒಂದೊಂದು ಹೆಸರನ್ನು ಇಡುತ್ತಿದ್ದನು. ಹಾಗೆ ಇಟ್ಟ ಹೆಸರು ಮಗುವಿನ ಹಣೆಗೆ ಬರೆಯಾಗಿ ಜನ್ಮವಿಡೀ ಉಳಿಯುತ್ತಿತ್ತು.

ಈ ಅನ್ಯಾಯವನ್ನು ತಡೆಯಲೆಂದು ಬಿನೆ ತರುಣ ವೈದ್ಯನಾದ ತಿಯೊಡೋರ್ ಸಿಮೋನನ ನೆರವಿನಿಂದ 1905ರಲ್ಲಿ 30 ಪರೀಕ್ಷೆಗಳ ಒಂದು ಮಾಲೆಯನ್ನು ರಚಿಸಿದನು. ಅದು ಅತಿ ಸುಲಭದಿಂದ ಕಠಿಣದ ಕಡೆಗೆ ಏರುವ ಸೋಪಾನ. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು ಮೊದಲ ಮೆಟ್ಟಿಲು. ಚಿತ್ರದ ವಸ್ತುಗಳನ್ನು ಹೆಸರಿಸುವುದು, ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಎರಡು ತೂಕಗಳನ್ನು ಹೋಲಿಸುವುದು, ಮೂರು ಪದಗಳನ್ನು ಸೇರಿಸಿ ವಾಕ್ಯವನ್ನು ಕಟ್ಟುವುದು, ಅಮೂರ್ತ ಭಾವಗಳ ಭೇದವನ್ನು ತಿಳಿಸುವುದು ಮುಂದಿನವು. 1908ರ ಪರಿಷ್ಕರಣದಲ್ಲಿ ಪರೀಕ್ಷೆಗಳನ್ನು 3ರಿಂದ 13 ವರ್ಷಗಳ ವಯಸ್ಸಿಗೆ ತಕ್ಕಂತೆ ವಿಂಗಡಿಸಿದನು. ಮೂರು ವರ್ಷದ ಮಗು ಮೂಗು, ಕಣ್ಣು, ಬಾಯಿಗಳನ್ನು ತೋರಿಸಬೇಕು. ಐದರ ಮಗು ಚೌಕವನ್ನು ನೋಡಿ ಬರೆಯಬೇಕು, ನಾಲ್ಕು ನಾಣ್ಯಗಳನ್ನು ಎಣಿಸಬೇಕು. ಯಾವ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಸಾಧ್ಯವಾಗುವುದನ್ನು ಮಗುವು ಮಾಡಬಲ್ಲದೋ ಅದು ಅದರ ಮಾನಸಿಕ ಮಟ್ಟ. ಪುಸ್ತಕದ ಓದನ್ನು ಅಳೆಯುವುದು ಇದರ ಗುರಿಯಾಗಿರಲಿಲ್ಲ. ಮಗುವನ್ನು ಶಾಂತವಾದ ಸ್ಥಳದಲ್ಲಿ ಒಂಟಿಯಾಗಿ ಕುಳ್ಳಿರಿಸಿ, ಸ್ನೇಹದಿಂದ ಮಾತನಾಡಿಸಿ, ಉತ್ತರವನ್ನು ಸೂಚಿಸುವ ಒಂದು ಮಾತನ್ನೂ ಆಡದೆ ಪರೀಕ್ಷಿಸಬೇಕೆಂಬ ನಿಯಮವನ್ನು ವಿಧಿಸಿದನು. ಅಯಸ್ಕಾಂತದ ಪ್ರಯೋಗದಲ್ಲಿ ಎಡವಿದ ಬಿನೆಯೇ ಈ ನಿಯಮವನ್ನು ವಿಧಿಸಿದನೆಂಬುದನ್ನು ಮರೆಯಲಾಗದು.

ಮಾನದಂಡವು ತೋರಿಸುವ ಮಟ್ಟವು ಮಗುವಿನ ಇಂದಿನ ಸ್ಥಿತಿಯೇ ಹೊರತು ನಾಳೆಯ ವಿಧಿಯಲ್ಲವೆಂಬುದು ಬಿನೆಯ ದೃಢವಾದ ನಿಲುವು. ಬುದ್ಧಿಯು ಹುಟ್ಟಿನಿಂದಲೇ ನಿಗದಿಯಾದ, ಹೆಚ್ಚಿಸಲಾಗದ ಪ್ರಮಾಣವೆಂಬ ವಾದವನ್ನು ಆತನು 1909ರಲ್ಲಿ ಪ್ರಕಟಿಸಿದ ಮಕ್ಕಳ ವಿಷಯಕವಾದ ಗ್ರಂಥದಲ್ಲಿ ಕಟುವಾಗಿ ಖಂಡಿಸಿದನು. ವಕ್ರವಾದ ಬೆನ್ನನ್ನು ನೇರಗೊಳಿಸುವ ವೈದ್ಯದಂತೆ ಮನಸ್ಸನ್ನೂ ಹದಗೊಳಿಸುವ ವ್ಯಾಯಾಮಗಳನ್ನು ರೂಪಿಸಿದನು. ವಿಗ್ರಹದಂತೆ ಅಲುಗಾಡದೆ ನಿಲ್ಲುವ ಆಟವು ಅವುಗಳಲ್ಲಿ ಒಂದು. ಮೊದಲು ಚಂಚಲವಾಗಿ ನಗುತ್ತಿದ್ದ ಮಕ್ಕಳು ಅಭ್ಯಾಸಬಲದಿಂದ ಅವಧಾನವನ್ನು ಗಳಿಸಿಕೊಂಡರು. ಅಕ್ಷರಕ್ಕಿಂತ ಮೊದಲು ಕಲಿಯುವ ಬಗೆಯನ್ನು ಕಲಿಸಬೇಕೆಂಬುದು ಇದರ ತತ್ತ್ವ. ಅದೇ 1909ರಲ್ಲಿ ಫ್ರಾನ್ಸಿನಲ್ಲಿ ವಿಶೇಷ ತರಗತಿಗಳ ಶಾಸನವೂ ಜಾರಿಗೆ ಬಂದಿತು. ಮಾನದಂಡವನ್ನು ಮತ್ತೊಮ್ಮೆ ಪರಿಷ್ಕರಿಸಿದ ವರ್ಷವೇ, 1911ರ ಅಕ್ಟೋಬರ್ 18ರಂದು, ತನ್ನ 54ನೆಯ ವಯಸ್ಸಿನಲ್ಲಿ ಬಿನೆ ಪ್ಯಾರಿಸ್ಸಿನಲ್ಲಿ ದೇಹವನ್ನು ಬಿಟ್ಟನು.

ಕರ್ತೃವು ಮರೆಯಾದ ಬಳಿಕ ಕೃತಿಯು ಬೇರೆ ದಾರಿಯನ್ನು ಹಿಡಿಯಿತು. 1912ರಲ್ಲಿ ಜರ್ಮನಿಯ ಸ್ಟರ್ನ್ ಎಂಬ ವಿದ್ವಾಂಸನು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದನು. ಅಮೆರಿಕದ ಟರ್ಮನ್ 1916ರಲ್ಲಿ ಮಾನದಂಡವನ್ನು ವಿಸ್ತರಿಸಿ, ಆ ಭಾಗಲಬ್ಧವನ್ನು 100ರಿಂದ ಗುಣಿಸಿ ಬುದ್ಧಿಲಬ್ಧವೆಂಬ ಅಂಕವನ್ನು ಪ್ರಚಾರಕ್ಕೆ ತಂದನು. ಅಲ್ಲಿಯ ಕೆಲವರು ಆ ಅಂಕವನ್ನು ವಂಶದಿಂದ ಬಂದ ಬದಲಾಗದ ಗುಣವೆಂದೇ ಸಾರಿದರು. ವಲಸೆ ಬಂದ ಬಡವರನ್ನು ಅದರಿಂದ ಅಳೆದು ಹೀನರೆಂದರು. ಮಂದಮತಿಗಳೆನಿಸಿದವರಿಗೆ ಬಲವಂತದಿಂದ ಸಂತಾನಹರಣ ಚಿಕಿತ್ಸೆ ಮಾಡುವ ವರ್ಜೀನಿಯಾ ರಾಜ್ಯದ ಕಾನೂನನ್ನು 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಮಗುವಿಗೆ ಕೈಕೊಡಲೆಂದು ಮಾಡಿದ ಕೋಲು ಮನುಷ್ಯನನ್ನು ಹೊಡೆಯುವ ಕೋಲಾಯಿತು.

ಬಿನೆಯ ಮಾನದಂಡವು ಕನ್ನಡನಾಡಿಗೂ ಬಂದಿದೆ. ಡಾ. ವಿ. ವಿ. ಕಾಮತರು ಧಾರವಾಡದಲ್ಲಿ, 1930ರ ದಶಕದಲ್ಲಿ, ಅದನ್ನು ಮುಂಬಯಿ-ಕರ್ನಾಟಕ ಪ್ರದೇಶದ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿಗಳಲ್ಲಿ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳಲಾಗದೆಂಬುದನ್ನು ಈ ಅಳವಡಿಕೆಯೇ ತೋರಿಸುತ್ತದೆ. ಮನೆಯ ಮಾತು, ಕಂಡುಂಡ ವಸ್ತು, ಬೆಳೆದ ಪರಿಸರಗಳನ್ನು ಬಿಟ್ಟು ಬುದ್ಧಿಯೆಂಬುದು ಬರಿದೆ ನಿಲ್ಲುವುದಿಲ್ಲ.

ಮಾನವ ಸ್ವಭಾವವನ್ನು ಅರಿಯಲು ವಿಜ್ಞಾನವು ಬೇಕು. ಅದಿಲ್ಲದಿದ್ದರೆ ಉಪಾಧ್ಯಾಯನ ಕಣ್ಣಳತೆಯೇ ಶಾಸನವಾದೀತು. ಶಿಕ್ಷಣವೂ ಬೇಕು, ಅದಿಲ್ಲದಿದ್ದರೆ ವಿಜ್ಞಾನದ ಅಳತೆಯು ಬರಿಯ ತೀರ್ಪಾಗಿ ಉಳಿದೀತು. ಬಿನೆ ಮಗುವನ್ನು ಅಳೆದದ್ದು ಅದಕ್ಕೆ ಯಾವ ಬಗೆಯ ಪಾಠ ಬೇಕೆಂಬುದನ್ನು ತಿಳಿಯುವುದಕ್ಕಾಗಿ. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಮಗುವನ್ನು ದಡ್ಡನೆಂದು ಕರೆಯುವ ಮುನ್ನ, ಅದು ಯಾವ ಮೆಟ್ಟಿಲಿನ ಮೇಲೆ ನಿಂತಿದೆಯೆಂದು ನೋಡಿ, ಮುಂದಿನ ಮೆಟ್ಟಿಲಿಗೆ ಕೈಹಿಡಿದು ಏರಿಸುವುದು ಗುರುವಿನ ಕಾಯಕ. ಆ ಕಾಯಕವು ನಡೆಯುವ ಶಾಲೆಗಳಲ್ಲಿ ಬಿನೆಯ ಶ್ರಮವು ಸಾರ್ಥಕವಾಗುತ್ತದೆ.